"ನಮ್ಮಜ್ಜಿ ಮಾತು ಇದ್ರಾಗೆ ಐತಾ ಸಾರ್?": ಲ್ಯಾಬ್ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ತಂತ್ರಜ್ಞಾನ ಸಂಶೋಧನೆಯ ಲ್ಯಾಬ್ ನಡೆಸುತ್ತಿರುವ ಎಲ್ಲ ಮುಖ್ಯಸ್ಥರಿಗೆ,

ನಮಸ್ಕಾರ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನೀವು ವರ್ಷಕ್ಕೆ ಒಂದೋ ಎರಡೋ ಸಲ ಪೋಸ್ಟರ್ ಹಾಕುತ್ತೀರಲ್ಲ, 'ವಿಚಾರ ಸಂಕಿರಣ, ಸಾರ್ವಜನಿಕರಿಗೆ ಮುಕ್ತ ಪ್ರವೇಶ' ಅಂತ, ಆ ಸಾರ್ವಜನಿಕರಲ್ಲಿ ನಾನೂ ಒಬ್ಬ. ಕಳೆದ ವರ್ಷ ಅಂಥದ್ದೊಂದಕ್ಕೆ ಹೋಗಿ ಬಂದೆ. ಜೊತೆಗೆ ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನೂ ಇದ್ದ. ಯಾವ ಲ್ಯಾಬು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ 'ಅದು ಅವರ ಸಮಸ್ಯೆ' ಅಂತ ಪತ್ರ ಮಡಚಿಡುತ್ತೀರಿ.

ಹುಡುಗ ಯಾಕೆ ಬಂದ ಅನ್ನೋದನ್ನು ಮೊದಲು ಹೇಳುತ್ತೇನೆ.

ಅದಕ್ಕೂ ಹಿಂದಿನ ವರ್ಷ ಆ ಲ್ಯಾಬಿನ ಪರವಾಗಿ ಇಬ್ಬರು ಯುವಕರು ನಮ್ಮೂರಿಗೆ ಬಂದಿದ್ದರು. ಕಂಪ್ಯೂಟರಿಗೆ ಕನ್ನಡ ಮಾತು ಕಲಿಸಬೇಕು, ಅದಕ್ಕೆ ಎಲ್ಲ ಸೀಮೆಯ ಜನರ ದನಿ ಬೇಕು ಅಂದರು. ಫೋನಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ, ನೋಡಿದವರು ತೋಚಿದ್ದನ್ನು ಹೇಳಬೇಕು. ಇಷ್ಟೇ ಕೆಲಸ. ಈ ಹುಡುಗನ ಅಜ್ಜಿಗೆ ತೋರಿಸಿದ್ದು ಶೇಂಗಾ ರಾಶಿಯ ಸುತ್ತ ಕೂತ ಹೆಂಗಸರ ಚಿತ್ರ. ಅರ್ಧ ನಿಮಿಷ ಮಾತಾಡಿದ್ದರೆ ಸಾಕಿತ್ತು. ಅಜ್ಜಿ ಬಿಡಬೇಕಲ್ಲ! ಶೇಂಗಾ ಬಿಡಿಸುವ ಕೂಲಿ ಆಗ ಎಷ್ಟಿತ್ತು ಈಗ ಎಷ್ಟಾಯಿತು, ಯಾವ ವರ್ಷ ಮಳೆ ಕೈಕೊಟ್ಟಿತು, ಸುರುಳಿ ಪೂಚಿ ಬಿದ್ದು ಹೊಲ ಹೆಂಗೆ ಸುಟ್ಟಂಗಾಯಿತು, ಎಲ್ಲ ಬಂತು. ಆ ಹುಡುಗರು ಒಳ್ಳೆಯವರು, ನಡುವೆ ತಡೆಯಲಿಲ್ಲ. ಕೂತು ಪೂರ್ತಿ ರೆಕಾರ್ಡ್ ಮಾಡಿಕೊಂಡರು. ಶುರು ಮಾಡುವ ಮುಂಚೆ ಒಪ್ಪಿಗೆ ಪತ್ರ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರು. ಆ ಒಪ್ಪಿಗೆ ಪತ್ರ ಅಚ್ಚುಕಟ್ಟಾದ ಕನ್ನಡದಲ್ಲಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವತ್ತಿನಿಂದ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ. "ಮೇಷ್ಟ್ರೇ, ನನ್ ಮಾತು ತಗಂಡ್ ಹೋದ್ರಲ್ಲ, ಏನ್ ಮಾಡಿದ್ರಂತೆ?"

ಹೀಗಿರುವಾಗ ಮೇಷ್ಟ್ರುಗಳ ವಾಟ್ಸಾಪ್ ಗುಂಪಿನಲ್ಲಿ ಪೋಸ್ಟರ್ ಬಂತು. ಅದೇ ಲ್ಯಾಬು. ಭಾರತೀಯ ಭಾಷೆಗಳ ತಂತ್ರಜ್ಞಾನದ ಬಗ್ಗೆ ಒಂದು ದಿನದ ಸಂಕಿರಣ, ಎಲ್ಲರಿಗೂ ಸ್ವಾಗತ. ಸರಿ, ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುತ್ತೆ ಅಂದುಕೊಂಡೆ. ಹೆಡ್‌ಮಾಸ್ಟರ್ ಹತ್ತಿರ ಓಓಡಿ (ಶಾಲೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವ ಅನುಮತಿ) ಹಾಕಿಸಿಕೊಂಡೆ. ಹುಡುಗನ ಮನೆಯವರು ಒಪ್ಪಿದರು. ಆಮೇಲೆ ಆನ್‌ಲೈನ್ ಫಾರ್ಮ್ ತುಂಬಲು ಕೂತೆ. ಯಾವ ಸಂಸ್ಥೆ, ಯಾವ ಹುದ್ದೆ, ಸಂಸ್ಥೆಯ ಇಮೇಲ್ ಏನು, ಸಂಶೋಧನೆಯ ಕ್ಷೇತ್ರ ಯಾವುದು. ಕೊನೆಯದನ್ನು ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುತ್ತಿರಲಿಲ್ಲ. 'ಎಂಟು, ಒಂಬತ್ತು, ಹತ್ತನೇ ತರಗತಿ' ಅಂತ ಬರೆದೆ. ಅದು ಹೇಗೋ ಒಪ್ಪಿಕೊಂಡಿತು.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಶುರು. ಚಳ್ಳಕೆರೆಯಿಂದ ಬೆಳಗಿನ ಜಾವದ ಬಸ್ಸು ಹಿಡಿಯದೆ ಬೇರೆ ದಾರಿಯಿರಲಿಲ್ಲ. ಗೇಟಿನಲ್ಲಿ ಸೆಕ್ಯೂರಿಟಿಯವರು ಕ್ಯೂಆರ್ ಕೋಡ್ ಕೇಳಿದರು. ನನ್ನದು ಇತ್ತು, ಹುಡುಗನದು ಇರಲಿಲ್ಲ, ಫಾರ್ಮಿನಲ್ಲಿ ಅವನ ವಯಸ್ಸಿಗೆ ಜಾಗವೇ ಇರಲಿಲ್ಲ. ಇಪ್ಪತ್ತು ನಿಮಿಷ ನಿಂತೆವು. ಕೊನೆಗೆ ಸೆಕ್ಯೂರಿಟಿಯವರೇ, "ಹೋಗ್ಲಿ ಬಿಡಿ ಮೇಷ್ಟ್ರೇ, ನಮ್ ಹಿರಿಯೂರ್ ಕಡೆಯೋರಂಗ್ ಕಾಣ್ತೀರಿ" ಅಂತ ಒಳಗೆ ಬಿಟ್ಟರು. ಅವತ್ತು ನಿಮ್ಮ ಆವರಣದಲ್ಲಿ ನಮ್ಮನ್ನು ಮೊದಲು ಕನ್ನಡದಲ್ಲಿ ಮಾತಾಡಿಸಿದವರು ಅವರು. ಎರಡನೆಯವರು ಟೀ ಕೊಟ್ಟವರು.

ಒಳಗೆ ನಡೆದದ್ದು ನಿಮಗೆ ಗೊತ್ತೇ ಇದೆ. ದೀಪ ಬೆಳಗಿಸಿದರು, ಹೂಗುಚ್ಛ ಕೊಟ್ಟರು, ಒಬ್ಬರಾದ ಮೇಲೆ ಒಬ್ಬರು ಸ್ಲೈಡ್ ತೋರಿಸಿದರು. ಎಲ್ಲ ಇಂಗ್ಲಿಷಿನಲ್ಲಿ. ನನಗೆ ಅರ್ಧ ತಿಳಿಯಿತು, ಹುಡುಗನಿಗೆ ಚಿತ್ರಗಳು ತಿಳಿದವು. ಒಂದು ಸ್ಲೈಡಿನಲ್ಲಿ ಕನ್ನಡವನ್ನು 'ಲೋ ರಿಸೋರ್ಸ್' ಭಾಷೆ ಅಂತ ಬರೆದಿದ್ದರು. ಪಕ್ಕದಲ್ಲಿದ್ದವನು ಕೇಳಿದ, "ಅಂದ್ರೆ ಬಡ ಭಾಷೆ ಅಂತಲಾ ಸಾರ್?" 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು ನಾಲ್ಕು ಕೋಟಿ ಮೂವತ್ತೇಳು ಲಕ್ಷ ಜನ. ಬಡತನ ಮಾತಾಡುವವರಿಗಲ್ಲ, ಕಂಪ್ಯೂಟರಿಗೆ ಸಿಕ್ಕಿರುವ ಬರಹ ಮತ್ತು ರೆಕಾರ್ಡಿಂಗ್ ಕಡಿಮೆ ಅಂತ ಅದರ ಅರ್ಥ ಎಂದು ಪಿಸುಗುಟ್ಟಿದೆ. ವೇದಿಕೆಯಿಂದ ಈ ಒಂದು ವಾಕ್ಯ ಹೇಳಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತು?

ಊಟಕ್ಕೆ ಮುಂಚೆ ಪ್ರಶ್ನೆ ಕೇಳಲು ಹತ್ತು ನಿಮಿಷ ಕೊಟ್ಟರು. ಹುಡುಗ ಕೈ ಎತ್ತಿಬಿಟ್ಟ. ನಾನು ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಮೈಕು ಬಂತು. ಎದ್ದು ನಿಂತು, "ನಮ್ಮಜ್ಜಿ ಮಾತು ಇದ್ರಾಗೆ ಐತಾ ಸಾರ್?" ಅಂದ.

ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಮಕ್ಕಳು ಮಾತಾಡಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. ಕಾರ್ಯಕ್ರಮ ನಡೆಸುತ್ತಿದ್ದವರು ಯಾರಾದರೂ ಅನುವಾದ ಮಾಡುತ್ತೀರಾ ಅಂತ ಕೇಳಿದರು. ಯಾರೋ ಮಾಡಿದರು, 'ಅಜ್ಜಿ' ಹೋಗಿ 'ಹಳ್ಳಿಯ ಭಾಷಿಕರು' ಆದರು. ಉತ್ತರ ಇಂಗ್ಲಿಷಿನಲ್ಲಿ ಬಂತು, 'ಒಳ್ಳೆಯ ಪ್ರಶ್ನೆ' ಅನ್ನುವುದರಿಂದ ಶುರುವಾಗಿ ಮುಂದಿನ ಹಂತದ ಅನುದಾನದಲ್ಲಿ ಮುಗಿಯಿತು. ಹುಡುಗ ನನ್ನ ಮುಖ ನೋಡಿದ. ಐತೋ ಇಲ್ವೋ ನನಗೂ ಗೊತ್ತಾಗಲಿಲ್ಲ.

ತಮಾಷೆ ಏನಪ್ಪಾ ಅಂದರೆ, ಉತ್ತರ ಕೊಟ್ಟ ಆ ಪ್ರೊಫೆಸರ್ ಟೀ ಹೊತ್ತಿಗೆ ನಮ್ಮ ಹತ್ತಿರ ಬಂದು ಸೊಗಸಾದ ಕನ್ನಡದಲ್ಲಿ ಮಾತಾಡಿದರು. ದಾವಣಗೆರೆ ಕಡೆಯವರಂತೆ. ಬೆಣ್ಣೆ ದೋಸೆ ಬಗ್ಗೆ ಮಾತಾಯಿತು, ಊರಿನ ಸೆಕೆ ಬಗ್ಗೆ ಮಾತಾಯಿತು. ಸಾರ್, ಅದೇ ಬಾಯಿ, ಅದೇ ನಾಲಿಗೆ. ಮೈಕಿನ ಮುಂದೆ ಯಾಕೆ ಮುಷ್ಕರ ಹೂಡುತ್ತೆ?

ನಾನು ಜಗಳಕ್ಕೆ ಬಂದಿಲ್ಲ. ನಿಮ್ಮ ಲ್ಯಾಬಿನಲ್ಲಿ ಬಂಗಾಳದವರು, ಕೇರಳದವರು, ಆಂಧ್ರದವರು ಇದ್ದಾರೆ, ಹೊರದೇಶದಿಂದ ಅತಿಥಿಗಳು ಬರುತ್ತಾರೆ. ಅವರೆಲ್ಲ ಸೇರಿ ತಮ್ಮ ಕೆಲಸದ ಬಗ್ಗೆ ಚರ್ಚೆ ಮಾಡುವಾಗ ಇಂಗ್ಲಿಷ್ ಬೇಕೇ ಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ತಜ್ಞರ ಸಭೆಯಾದರೆ ತಜ್ಞರ ಸಭೆ ಅಂತಲೇ ಬರೆಯಿರಿ, ನಮಗೆ ಬೇಜಾರಿಲ್ಲ. ನಾವೂ ನಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮೀಟಿಂಗಿಗೆ ನಿಮ್ಮನ್ನು ಕರೆಯುವುದಿಲ್ಲವಲ್ಲ. ಆದರೆ 'ಸಾರ್ವಜನಿಕ' ಅಂತ ಅಚ್ಚು ಹಾಕಿಸಿದ ಮೇಲೆ, ಬಂದ ಸಾರ್ವಜನಿಕರಿಗೆ ಏನಾದರೂ ಇರಬೇಕು ಅಲ್ವಾ? ಮದುವೆಗೆ ಕರೆದು ಊಟಕ್ಕೆ ಎಲೆ ಹಾಕದಿದ್ದರೆ ಹೇಗೆ?

ನಮ್ಮ ಹೆಬ್ಬೆಟ್ಟು ಬೇಕಾದಾಗ ಕನ್ನಡದಲ್ಲಿ ಬರೆಯುವುದು ನಿಮಗೆ ಬರುತ್ತದೆ ಅನ್ನೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಪ್ಪಿಗೆ ಪತ್ರ ನೆನಪಿದೆಯಲ್ಲ? ಅದನ್ನು ಬರೆದವರಿಂದಲೇ ಸಂಕಿರಣದ ಒಂದು ಪುಟವನ್ನೂ ಬರೆಸಿ.

ಅವತ್ತು ನಿಜವಾದ ಸಂಕಿರಣ ನಡೆದದ್ದು ಮಧ್ಯಾಹ್ನ, ಹಾಲಿನ ಹೊರಗೆ. ಕಾರಿಡಾರಿನಲ್ಲಿ ಒಂದು ಮೇಜು, ಅದರ ಮೇಲೆ ಲ್ಯಾಪ್‌ಟಾಪು, ಒಂದು ಮೈಕು. ನೀವು ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರದಲ್ಲಿ ಬರೆಯುತ್ತದೆ. ಜನ ಎಲ್ಲ ಊಟದ ಸಾಲಿನಲ್ಲಿದ್ದರು. ಅಲ್ಲಿ ಕೂತಿದ್ದದ್ದು ಪಿಎಚ್‌ಡಿ ಮಾಡುತ್ತಿರುವ ಒಬ್ಬ ಹುಡುಗಿ, ಒಡಿಶಾದವಳು. ಕನ್ನಡ ಅಷ್ಟಕ್ಕಷ್ಟೇ, ಆದರೆ ಕಲಿಯುತ್ತಿದ್ದಳು. ನಮ್ಮ ಹುಡುಗ ಮೊದಲು ಹೆಸರು, ಊರು ಹೇಳಿದ. ತಪ್ಪಿಲ್ಲದೆ ಬಂತು. ಅವನಿಗೆ ಖುಷಿಯೋ ಖುಷಿ. ಆಮೇಲೆ ಅಜ್ಜಿಯ ಧಾಟಿಯಲ್ಲೇ, "ಶೇಂಗಾಕ್ಕೆ ಸುರುಳಿ ಪೂಚಿ ಬಿದ್ದೈತೆ" ಅಂದ.

ಪರದೆ ಮೇಲೆ ಬಂತು: 'ಶೇಂಗಾಕ್ಕೆ ಸುರುಳಿ ಪೂಜೆ ಬಿದ್ದಿದೆ.'

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಆ ಹುಡುಗಿ, ಪೂಚಿ ಅಂದರೆ ಏನು ಅಂತ ಕೇಳಿದಳು. ಇವನು ಹೇಳಿದ. ಪುಟ್ಟ ಹುಳ, ಎಲೆಯ ಒಳಗೆ ಹೊಕ್ಕು ತಿನ್ನುತ್ತೆ, ಎಲೆ ಸುರುಳಿ ಸುತ್ತಿಕೊಳ್ಳುತ್ತೆ, ದೂರದಿಂದ ನೋಡಿದರೆ ಹೊಲ ಬೆಂಕಿ ಬಿದ್ದಂಗೆ ಕಾಣುತ್ತೆ. ಅಂಗೈ ಮೇಲೆ ಬೆರಳಲ್ಲಿ ಎಲೆ ಬರೆದು ತೋರಿಸಿದ. ಅವಳು ನೋಟ್‌ಬುಕ್ ತೆಗೆದು ಬರೆದುಕೊಂಡಳು. ಇನ್ನೂ ಇಂಥ ಪದ ಇದ್ದರೆ ಹೇಳು ಅಂದಳು. ಇವನು ಒಕ್ಕಣೆ ಅಂದರೆ ಅದು ಒಗ್ಗರಣೆ ಅಂತ ಬರೆಯಿತು. ಹದಿನೈದು ನಿಮಿಷ ಹೀಗೇ ನಡೆಯಿತು. ಊಟ ತಣ್ಣಗಾಯಿತು, ಇಬ್ಬರಿಗೂ ಪರಿವೆಯಿಲ್ಲ.

ಒಳಗೆ ಸ್ಲೈಡಿನಲ್ಲಿ ತೋರಿಸಿದ ಲೆಕ್ಕ ಇದೇ ಅಲ್ವಾ? ನೂರು ಪದ ಹೇಳಿದರೆ ಯಂತ್ರ ಎಷ್ಟನ್ನು ತಪ್ಪು ಬರೆಯುತ್ತದೆ ಅನ್ನೋದು. ನೀವು ಅದನ್ನು ಎಲ್ಲರದ್ದೂ ಸೇರಿಸಿ ಒಂದೇ ಸರಾಸರಿಯಲ್ಲಿ ಹೇಳಿದಿರಿ. ನಾನು ಮೇಷ್ಟ್ರು, ಸರಾಸರಿ ಏನೇನು ಮುಚ್ಚಿಡುತ್ತೆ ಅಂತ ನನಗೆ ಗೊತ್ತು. ನನ್ನ ಕ್ಲಾಸಿನ ಸರಾಸರಿ ಅಂಕ ಚೆನ್ನಾಗಿದ್ದ ವರ್ಷವೇ ಹಿಂದಿನ ಬೆಂಚಿನ ನಾಲ್ಕು ಜನ ಫೇಲಾಗಿದ್ದಾರೆ. ಬೆಂಗಳೂರಿನ ಕಾಲೇಜು ಹುಡುಗ ಮಾತಾಡಿದರೆ ತಪ್ಪು ಎಷ್ಟು, ಚಳ್ಳಕೆರೆಯ ಎಪ್ಪತ್ತು ದಾಟಿದ ಹಲ್ಲಿಲ್ಲದ ಅಜ್ಜಿ ಮಾತಾಡಿದರೆ ಎಷ್ಟು? ಬೀದರ್‌ನವರು, ಕುಂದಾಪುರದವರು ಮಾತಾಡಿದರೆ? ಜಿಲ್ಲಾವಾರು ಬಿಡಿಸಿ ಗೋಡೆಗೆ ಹಚ್ಚಿ, ಬಂದವರು ತಮ್ಮ ಜಿಲ್ಲೆ ಹುಡುಕಿಕೊಂಡು ನಿಂತು ಓದುತ್ತಾರೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಓದಿದ ಹಾಗೆ. ನಾಳೆ ರೈತರು ಫೋನ್ ಮಾಡಿ ಪೂಚಿ ಬಿದ್ದಿದೆ ಅಂದಾಗ ಯಂತ್ರ ಪೂಜೆ ಅಂತ ಕೇಳಿಸಿಕೊಂಡರೆ ಪಂಚಾಂಗ ನೋಡಿ ಮುಹೂರ್ತ ಹೇಳೀತು!

ಅದಕ್ಕೇ ಹೇಳುತ್ತಿರುವುದು. ಜನರನ್ನು ಒಳಗೆ ಬಿಡುವುದು ನಮಗೆ ಮಾಡುವ ಉಪಕಾರ ಅಂತ ತಿಳಿಯಬೇಡಿ. ನಿಮ್ಮ ಯಂತ್ರದ ತಪ್ಪು ಹಿಡಿಯುವವರು ನಾವು. ಒಳಗಿನ ಇಡೀ ದಿನದ ಭಾಷಣದಲ್ಲಿ ಸಿಗದ ತಿದ್ದುಪಡಿ ಕಾರಿಡಾರಿನ ಮೇಜಿನ ಹತ್ತಿರ ಸಿಕ್ಕಿತು.

ವಿಜ್ಞಾನವನ್ನು ಜನರ ಮುಂದೆ ಇಡುವುದು ನಮ್ಮ ನಾಡಿಗೆ ಹೊಸದೇನಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಲೇ 1918ರಲ್ಲಿ ಗೆಳೆಯರ ಜೊತೆ ಸೇರಿ ಕನ್ನಡದಲ್ಲಿ ವಿಜ್ಞಾನದ ಮಾಸಪತ್ರಿಕೆ ತಂದರು. ಆಗ ಎಷ್ಟು ಪದಗಳಿಗೆ ಕನ್ನಡವೇ ಇರಲಿಲ್ಲ ಯೋಚಿಸಿ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟರು, ಅವೇ ಆಮೇಲೆ ಕೈಗೆಟಕುವ ಬೆಲೆಯ ಪುಟ್ಟ ಪುಸ್ತಕಗಳಾದವು. ಸಿ.ವಿ. ರಾಮನ್ ತಾವು ಕಂಡ ಹೊಸ ಬೆಳಕಿನ (ಈಗ ನಾವು ರಾಮನ್ ಪರಿಣಾಮ ಅನ್ನುತ್ತೇವಲ್ಲ, ಅದರ) ಬಗ್ಗೆ ಸಭೆ ಮುಂದೆ ನಿಂತು ವಿವರವಾಗಿ ಹೇಳಿದ್ದು ಇದೇ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು. ನೊಬೆಲ್ ಬರುವುದಕ್ಕೆ ಎರಡು ವರ್ಷ ಮುಂಚೆ.

ಎಚ್. ನರಸಿಂಹಯ್ಯನವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕ್ಷಮಿಸಿ. ನಮ್ಮ ಮೇಷ್ಟ್ರುಗಳಿಗೆಲ್ಲ ಅವರು ಮನೆಯ ಹಿರಿಯರ ಹಾಗೆ. ಗೌರಿಬಿದನೂರು ಕಡೆಯ ಹೊಸೂರಿನ ಬಡವರ ಮನೆಯ ಹುಡುಗ. ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ ಬಂದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು, ಆದರೂ ವಾಸ ಹಾಸ್ಟೆಲಿನ ಒಂದು ರೂಮಿನಲ್ಲಿ. 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಬುಧವಾರ ಸಂಜೆ ಒಂದು ಉಪನ್ಯಾಸ. ಯಾರು ಬೇಕಾದರೂ ಬಂದು ಕೂರಬಹುದು. ಆಫೀಸು ಮುಗಿಸಿಕೊಂಡು ಬಂದವರು, ಗಾಂಧಿಬಜಾರಿನಲ್ಲಿ ತರಕಾರಿ ಕೊಂಡು ಚೀಲ ಪಕ್ಕದಲ್ಲಿಟ್ಟುಕೊಂಡವರು, ಹಾಸ್ಟೆಲ್ ಹುಡುಗರು, ಎಲ್ಲರೂ ಒಂದೇ ಸಾಲಿನಲ್ಲಿ. ನಾನು ಬಿಎಡ್ ಓದುವಾಗ ಎಷ್ಟೋ ಬುಧವಾರ ಹೋಗಿದ್ದೇನೆ. ಯಾರೂ ನನ್ನ ಸಂಶೋಧನೆಯ ಕ್ಷೇತ್ರ ಕೇಳಲಿಲ್ಲ. ಸಂಜೆ ಇಟ್ಟದ್ದರಲ್ಲೇ ಅರ್ಧ ಜಾಣತನ ಇತ್ತು. ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಬರಬಲ್ಲ ಸಾರ್ವಜನಿಕರು ಯಾರು, ನೀವೇ ಹೇಳಿ.

ಈಗಲೂ ಚೆನ್ನಾಗಿ ಮಾಡುವವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಇಡೀ ಆವರಣದ ಬಾಗಿಲು ತೆರೆದು 'ಓಪನ್ ಡೇ' ಮಾಡುತ್ತದೆ. ಟಿಕೆಟ್ ಇಲ್ಲ, ಮಕ್ಕಳು ಮರಿ ಸಮೇತ ಜಾತ್ರೆಗೆ ಬಂದ ಹಾಗೆ ಜನ ಬರುತ್ತಾರೆ, ವಿದ್ಯಾರ್ಥಿಗಳು ಯಂತ್ರದ ಪಕ್ಕ ನಿಂತು ಗಂಟಲು ಕಟ್ಟುವ ತನಕ ವಿವರಿಸುತ್ತಾರೆ. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿದ್ದು ಇಂಥದ್ದಕ್ಕೂ ಹೌದು ಅನ್ನಿಸುತ್ತದೆ. ನಮ್ಮ ತಾಲ್ಲೂಕಿನ ಕುದಾಪುರದಲ್ಲೂ ಅವರ ಆವರಣ ಇದೆ, ಅಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ಸೈದ್ಧಾಂತಿಕ ವಿಜ್ಞಾನದ ಸಂಶೋಧನಾ ಕೇಂದ್ರವಾದ ಐಸಿಟಿಎಸ್‌ನವರು ಬೆಂಗಳೂರಿನ ನೆಹರು ತಾರಾಲಯಕ್ಕೇ ಹೋಗಿ ಉಪನ್ಯಾಸ ಇಡುತ್ತಾರೆ, ಜನ ಎಲ್ಲಿ ಬರುತ್ತಾರೋ ಅಲ್ಲಿ. ಮಾತು ಕೂಡಿಡುವ ಕೆಲಸದಲ್ಲೂ ಹಾಗೆಯೇ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಸೇರಿ ನಡೆಸುವ 'ವಾಣಿ' ಯೋಜನೆಯ ಗುರಿ ದೇಶದ 773 ಜಿಲ್ಲೆಗಳ ಮಾತು. ಐಐಟಿ ಮದ್ರಾಸಿನ ಎಐ4ಭಾರತ್‌ನವರು 22 ಭಾಷೆಗಳ ಮಾತು ಸಂಗ್ರಹಿಸುತ್ತಿದ್ದಾರೆ. ಎರಡೂ ಕಡೆಯವರು ತಮ್ಮ ಸಂಗ್ರಹವನ್ನು ಬೇರೆಯವರ ಬಳಕೆಗೂ ಬಿಟ್ಟುಕೊಟ್ಟಿದ್ದಾರೆ. ನಮ್ಮೂರಿಗೆ ಬಂದವರು ಇವರಿಬ್ಬರೂ ಅಲ್ಲ, ಬೇರೆಯವರು. ಸುಮ್ನೆ ಗೊಂದಲ ಬೇಡ ಅಂತ ಹೇಳಿದೆ.

ಸಮಯ ಇಲ್ಲ ಅನ್ನಬೇಡಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಇದೆ, ಸಂಶೋಧಕರು ತಲಾ ವರ್ಷಕ್ಕೆ ಕನಿಷ್ಠ 10 ದಿನ ಸಮಾಜಕ್ಕಾಗಿ ಕೆಲಸ ಮಾಡಬೇಕು ಅಂತ. ನಾನು 10 ದಿನ ಕೇಳುತ್ತಿಲ್ಲ. ಮುಂದಿನ ಸಂಕಿರಣದಲ್ಲಿ ಅರ್ಧ ದಿನ ಕೊಡಿ. ಶನಿವಾರ ಮಧ್ಯಾಹ್ನದ ಮೇಲೋ, ಭಾನುವಾರವೋ. ಆ ಅರ್ಧ ದಿನ ಫಾರ್ಮ್ ಬೇಡ, ಗೇಟಿನಲ್ಲಿ ಒಂದು ರಿಜಿಸ್ಟರ್ ಇಟ್ಟರೆ ಸಾಕು, ಹೆಸರು ಬರೆದು ಬರುತ್ತೇವೆ. ಸ್ಲೈಡ್ ಬೇಡ, ಮೇಜುಗಳು ಇರಲಿ, ಯಂತ್ರಗಳು ಆನ್ ಆಗಿರಲಿ. ಅವು ತಪ್ಪು ಮಾಡಿದರೂ ಪರವಾಗಿಲ್ಲ, ತಪ್ಪು ಮಾಡಿದಾಗಲೇ ಹೆಚ್ಚು ಕಲಿಯುವುದು ಅಂತ ನಾವು ಮಕ್ಕಳಿಗೆ ದಿನಾ ಹೇಳುತ್ತೇವೆ. ವಿವರಿಸಲು ದೊಡ್ಡ ಪ್ರೊಫೆಸರ್‌ಗಳೇ ಬೇಕಿಲ್ಲ, ಆ ಒಡಿಶಾದ ಹುಡುಗಿಯಂಥವರು ಸಾಕು. ಅವಳ ಹರಕು ಮುರುಕು ಕನ್ನಡ ನಮಗೆ ಚೆನ್ನಾಗಿ ಅರ್ಥವಾಯಿತು.

ಕನ್ನಡ ಅಂದ ತಕ್ಷಣ ಇನ್ನೊಂದು ಭಯ ಇದೆ ನನಗೆ. ಒಮ್ಮೆ ಬೇರೊಂದು ಕಾರ್ಯಕ್ರಮದ ಕರೆಯೋಲೆ ಕನ್ನಡದಲ್ಲಿ ಬಂದಿತ್ತು. 'ಕೃತಕ ಬುದ್ಧಿಮತ್ತಾ ಪ್ರತಿಮಾನಗಳ ಸಮರ್ಪಕ ನಿಯೋಜನೆಯ ಸವಾಲುಗಳು' ಅಂತಿತ್ತು. ಸ್ಟಾಫ್ ರೂಮಿನಲ್ಲಿ ಕನ್ನಡ ಪಂಡಿತರಿಗೆ ತೋರಿಸಿದೆ, ಅವರು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿ ವಾಪಸ್ ಕೊಟ್ಟರು. ಅಂಥ ಕನ್ನಡ ಬೇಡ. ಡೇಟಾ ಅನ್ನಿ, ಮಾಡೆಲ್ ಅನ್ನಿ, ನಡುವೆ ನಾಲ್ಕು ಇಂಗ್ಲಿಷ್ ಪದ ಬಂದರೆ ಯಾರೂ ಗಲಾಟೆ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಅಮ್ಮ ಫೋನ್ ಮಾಡಿ "ಅಲ್ಲಿ ಏನ್ ಕೆಲಸ ಮಾಡ್ತೀಯಪ್ಪಾ?" ಅಂತ ಕೇಳಿದಾಗ ಹೇಗೆ ಹೇಳುತ್ತೀರೋ ಹಾಗೆ ಹೇಳಿ.

ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಯಾವ ಊರಿನಿಂದ ಮಾತು ತಂದಿರೋ ಆ ಊರಿಗೆ ಒಂದು ಸಲ ವಾಪಸ್ ಹೋಗಿ. ಇಷ್ಟು ಜನ ಮಾತಾಡಿದಿರಿ, ಇದನ್ನು ಹೀಗೆ ಬಳಸಿದೆವು, ಇಷ್ಟು ಸರಿ ಬಂತು, ಇಷ್ಟು ಬರಲಿಲ್ಲ ಅಂತ ಹೇಳಿ. ನಮ್ಮೂರಿನವರು ಅದಕ್ಕೆ ದುಡ್ಡು ಕೇಳಲ್ಲ, ಶಾಲು ಕೇಳಲ್ಲ. ಮಣ್ಣು ಪರೀಕ್ಷೆಗೆ ಅಂತ ಕೃಷಿ ಇಲಾಖೆಯವರು ಹೊಲದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು ಹೋದರೂ ಆಮೇಲೆ ಒಂದು ಕಾರ್ಡ್ ಕೊಡುತ್ತಾರೆ. ಮಾತು ಒಯ್ದವರು ಏನೂ ಕೊಡಲಿಲ್ಲ ಅಂತ ಅಜ್ಜಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿದೆ?

ಅವತ್ತು ವಾಪಸ್ ಬಂದಾಗ ರಾತ್ರಿ ಹನ್ನೊಂದು. ಮಾರನೇ ದಿನ ಬೆಳಗ್ಗೆ ಅಜ್ಜಿ ಶಾಲೆ ಗೇಟಿನ ಹತ್ತಿರವೇ ಬಂದು ನಿಂತಿದ್ದರು. ಹುಡುಗ, ಯಂತ್ರ ಪೂಚೀನ ಪೂಜೆ ಮಾಡಿತು ಅಂತ ಆಗಲೇ ಹೇಳಿಬಿಟ್ಟಿದ್ದ. ಅಜ್ಜಿ ನಗಲಿಲ್ಲ. "ನಾನ್ ಅಷ್ಟೊತ್ತು ಬಿಡ್ಸಿ ಬಿಡ್ಸಿ ಹೇಳಿದ್ನಲ್ಲ ಮೇಷ್ಟ್ರೇ, ಸರ್ಯಾಗಿ ಕೇಳಿಸ್ಕಂಡಿಲ್ಲ ಅದು" ಅಂದರು. ಇನ್ನೊಂದು ಸಲ ಹೇಳಲು ತಯಾರಿದ್ದಾರಂತೆ, ಆದರೆ ಈ ಸಲ ಯಂತ್ರವನ್ನೇ ಇಲ್ಲಿಗೆ ತರಬೇಕಂತೆ.

ಹಾಗಾಗಿ ಕರೆಯುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಇನ್ನೂರು ಜನ ಕೂರುವಷ್ಟು ಹಾಲ್ ಇದೆ. ಶೇಂಗಾ ಕಿತ್ತು ಮುಗಿದ ಮೇಲೆ, ನವೆಂಬರ್ ಕೊನೆಯ ಹೊತ್ತಿಗೆ ಬನ್ನಿ, ಆಗ ಜನಕ್ಕೆ ಬಿಡುವಿರುತ್ತದೆ. ಶನಿವಾರವಾದರೆ ಮಕ್ಕಳೂ ಸಿಗುತ್ತಾರೆ. ಊಟ ನಮ್ಮದು, ಮುದ್ದೆ ಆಗುವುದಿಲ್ಲ ಅನ್ನುವವರು ಮುಂಚೆ ತಿಳಿಸಿದರೆ ಅನ್ನ ಮಾಡಿಸುತ್ತೇವೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬನ್ನಿ. ಆ ಒಡಿಶಾದ ಹುಡುಗಿಯನ್ನು ಕರೆತರುವುದು ಮರೆಯಬೇಡಿ, ಹುಡುಗ ಅವಳಿಗೆ ಅಂತ ಎರಡು ಪುಟ ಪದ ಬರೆದಿಟ್ಟಿದ್ದಾನೆ.

ಇಂತಿ ನಿಮ್ಮವ,
ಒಬ್ಬ ವಿಜ್ಞಾನದ ಮೇಷ್ಟ್ರು
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ